ನಲ್ಲಿಗೆ ಕಟ್ಟಿದ ಕರು: ಪ್ರಾಜೆಕ್ಟ್ ಯಾವುದು, ಪ್ರೋಗ್ರಾಂ ಯಾವುದು, ಎರಡನ್ನೂ ನಡೆಸುವುದು ಹೇಗೆ

2016ರ ಮೇ ತಿಂಗಳು. ಬಯಲುಸೀಮೆಯ ಒಂದು ಊರಿನಲ್ಲಿ, ನಾನೇ ನಿಂತು ಹಾಕಿಸಿದ್ದ ನಲ್ಲಿಯ ಕಂಬಕ್ಕೆ ಯಾರೋ ಕರು ಕಟ್ಟಿದ್ದರು. ಎಂಟು ತಿಂಗಳ ಹಿಂದೆ ಆ ಊರಿನ 212 ಮನೆಗಳ ಕುಡಿಯುವ ನೀರಿನ ಕಾಮಗಾರಿಯನ್ನು ಗಡುವಿಗಿಂತ ಹನ್ನೊಂದು ದಿನ ಮೊದಲೇ ಮುಗಿಸಿ, ಅಂದಾಜಿನಲ್ಲಿ ಸ್ವಲ್ಪ ಹಣವನ್ನೂ ಉಳಿಸಿ ಪ್ರಮಾಣಪತ್ರ ಪಡೆದವಳು ನಾನು. ಹೊಸ ಟ್ಯಾಂಕಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಈಗಲೂ ಇದೆ. ಅಂದು ಬೇರೆ ಊರಿಗೆ ಹೋಗುವ ದಾರಿಯಲ್ಲಿ ನೋಡಿಕೊಂಡು ಹೋಗೋಣವೆಂದು ಜೀಪಿನಿಂದ ಇಳಿದಿದ್ದೆ. ಜಗುಲಿಯ ಮೇಲೆ ಕುಳಿತಿದ್ದ ಅಜ್ಜಿಯನ್ನು "ನೀರು ಬರುತ್ತದೆಯೇ ಅಜ್ಜಿ?" ಎಂದು ಕೇಳಿದೆ.

"ಮೊದಮೊದಲು ಬಂತು ತಾಯಿ, ಆಮೇಲೆ ನಿಂತಿತು. ಕಂಬ ಮಾತ್ರ ಗಟ್ಟಿಯಾಗಿದೆ. ಕರು ಎಷ್ಟು ಎಳೆದರೂ ಅಲುಗುವುದಿಲ್ಲ."

ಅಜ್ಜಿ ಕುಹಕವಾಡಲಿಲ್ಲ, ನಿಜವಾಗಿಯೂ ಮೆಚ್ಚಿಕೊಂಡೇ ಹೇಳಿದರು. ನನಗೆ ನಾಚಿಕೆಯಾದದ್ದು ಅದಕ್ಕೇ. ವಿಚಾರಿಸಿದಾಗ ಒಂದೊಂದೇ ಸಂಗತಿ ಹೊರಬಂತು. ಪಂಪು ಹಾಕಿ, ವಾಲ್ವ್ ತಿರುಗಿಸುತ್ತಿದ್ದ ನೀರಗಂಟಿಗೆ ಸಂಬಳ ಸಿಗದೆ ಮೂರನೆಯ ತಿಂಗಳಿಗೆ ಬೆಂಗಳೂರಿಗೆ ಹೋಗಿ ಕಾವಲುಗಾರನಾಗಿದ್ದ. ಅವನ ಬದಲಿಗೆ ಯಾರೋ ಹುಡುಗರು ಪಂಪು ಹಾಕಿ ಮರೆತು, ಮೋಟಾರು ಸುಟ್ಟುಹೋಗಿತ್ತು. ಅದನ್ನು ರಿಪೇರಿ ಮಾಡಿಸುವವರು ಯಾರು ಎಂಬ ಜಗಳ ಐದು ತಿಂಗಳಿಂದ ನಡೆಯುತ್ತಿತ್ತು. ಇವುಗಳಲ್ಲಿ ಯಾವುದೂ ನನ್ನ ಅಂದಾಜು ಪಟ್ಟಿಯಲ್ಲಿ ಇರಲಿಲ್ಲ, ಕಾರ್ಯಾದೇಶದಲ್ಲಿಯೂ ಇರಲಿಲ್ಲ. ನನ್ನ ಕೆಲಸ ಲೆಕ್ಕದ ಪ್ರಕಾರ ನೂರಕ್ಕೆ ನೂರು ಸರಿಯಾಗಿತ್ತು.

ಪ್ರಾಜೆಕ್ಟ್ ನಿರ್ವಹಣೆಗೂ ಪ್ರೋಗ್ರಾಂ ನಿರ್ವಹಣೆಗೂ ಇರುವ ವ್ಯತ್ಯಾಸವನ್ನು ನಾನು ಕಲಿತದ್ದು ಅಲ್ಲಿ. ಐದು ವರ್ಷದ ಮೇಲೆ ಜಿಲ್ಲಾ ಮಟ್ಟದ ಒಂದು ನೀರಿನ ಕಾರ್ಯಕ್ರಮದ ಸಂಯೋಜಕಿಯಾಗಿ ಸೇರಿದೆ. ಈಗ ಹೊಸದಾಗಿ ಬರುವ ಎಂಜಿನಿಯರುಗಳಿಗೆ ಕೆಲಸ ಕಲಿಸುವುದೂ ನನ್ನ ಪಾಲಿಗೆ ಬಂದಿದೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀರಿನ ಉದಾಹರಣೆ ನನ್ನದು. ನೀವು ಸಾಫ್ಟ್‌ವೇರಿನವರಾದರೂ ಆಸ್ಪತ್ರೆಯವರಾದರೂ ನಿಮ್ಮ ಕರು ಎಲ್ಲಿ ಕಟ್ಟಿದೆ ಎಂದು ನೀವೇ ಹುಡುಕಿಕೊಳ್ಳಬಹುದು.

ಹೆಸರಿನ ಗೊಂದಲ

ಕನ್ನಡದಲ್ಲಿ ಈ ತೊಡಕು ದುಪ್ಪಟ್ಟು. ಪ್ಲಾನ್, ಸ್ಕೀಮ್, ಪ್ರಾಜೆಕ್ಟ್ ಮೂರಕ್ಕೂ ನಾವು 'ಯೋಜನೆ' ಎಂದುಬಿಡುತ್ತೇವೆ. ಪಂಚವಾರ್ಷಿಕ ಯೋಜನೆ ಒಂದು ಯೋಜನೆ, ಪಿಂಚಣಿ ಕೊಡುವುದು ಒಂದು ಯೋಜನೆ, ಹಳ್ಳದ ಮೇಲಿನ ಸೇತುವೆಯೂ ಒಂದು ಯೋಜನೆ. ಇನ್ನು 'ಕಾರ್ಯಕ್ರಮ' ಎಂದೊಡನೆ ಕಣ್ಣಿಗೆ ಬರುವುದು ಶಾಮಿಯಾನ, ಮೈಕು, ಹಾರ ತುರಾಯಿ. ಆದರೆ ಕೆಲಸದ ಜಾಗದಲ್ಲಿ ಓಡಾಡುವವರ ಬಾಯಲ್ಲಿ ಒಂದು ಪ್ರಾಮಾಣಿಕ ಪದವಿದೆ: ಕಾಮಗಾರಿ. ಅದಕ್ಕೆ ಅಂದಾಜು ಪಟ್ಟಿ ಇರುತ್ತದೆ, ಟೆಂಡರು ಇರುತ್ತದೆ, ಶುರುವಾಗುವ ದಿನ ಮತ್ತು ಮುಗಿಯುವ ದಿನ ಇರುತ್ತವೆ, ಅಳತೆ ಪುಸ್ತಕದಲ್ಲಿ ಬರೆದು ಬಿಲ್ಲು ಮಾಡಬಹುದಾದ ಒಂದು ವಸ್ತು ಇರುತ್ತದೆ. ಪ್ರಾಜೆಕ್ಟ್ ಎಂದರೆ ಇದೇ. ಹಾಗಾಗಿ ನಾನು ಪ್ರಾಜೆಕ್ಟಿಗೆ ಕಾಮಗಾರಿ ಎಂದೂ ಪ್ರೋಗ್ರಾಮಿಗೆ ಕಾರ್ಯಕ್ರಮ ಎಂದೂ ಬಳಸುತ್ತೇನೆ.

1969ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಕೊಡುವ ವ್ಯಾಖ್ಯೆಯ ಸಾರ ಹೀಗಿದೆ: ಒಂದು ನಿರ್ದಿಷ್ಟ ವಸ್ತುವನ್ನೋ ಸೇವೆಯನ್ನೋ ತಯಾರಿಸಲು ಕೈಗೊಳ್ಳುವ ತಾತ್ಕಾಲಿಕ ಉದ್ಯಮವೇ ಪ್ರಾಜೆಕ್ಟ್, ಬಿಡಿಬಿಡಿಯಾಗಿ ನಡೆಸಿದರೆ ಸಿಗದ ಫಲವನ್ನು ಪಡೆಯಲು ಒಂದಕ್ಕೊಂದು ಸಂಬಂಧಪಟ್ಟ ಪ್ರಾಜೆಕ್ಟುಗಳನ್ನು ಒಟ್ಟಾಗಿ ನಡೆಸಿದರೆ ಅದು ಪ್ರೋಗ್ರಾಂ. ನನ್ನ ತರಬೇತಿಯಲ್ಲಿ ಇದನ್ನು ಎರಡು ಪದಕ್ಕೆ ಇಳಿಸಿದ್ದೇನೆ. ಕಾಮಗಾರಿಯ ಕೊನೆಗೆ 'ಕಟ್ಟಿದ್ದು' ಏನು ಎಂದು ಕೇಳುತ್ತಾರೆ. ಕಾರ್ಯಕ್ರಮದ ಕೊನೆಗೆ 'ದಕ್ಕಿದ್ದು' ಏನು ಎಂದು ಕೇಳುತ್ತಾರೆ.

ಹಣದ ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ನೂರು ಕೋಟಿಯ ಸೇತುವೆ ಕಾಮಗಾರಿಯೇ. ಒಂದು ಹೋಬಳಿಯ ಹೆಣ್ಣುಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿದ ಮೇಲೂ ಕಾಲೇಜಿಗೆ ಹೋಗಬೇಕು ಎಂದು ಹತ್ತು ಲಕ್ಷದಲ್ಲಿ ಹೊರಟರೆ ಅದು ಕಾರ್ಯಕ್ರಮ. ಅಲ್ಲಿ ಶೌಚಾಲಯ ಕಟ್ಟಿಸಬೇಕು, ಬಸ್ಸಿನ ವೇಳೆ ಬದಲಿಸಬೇಕು, ಮನೆಯವರ ಮನವೊಲಿಸಬೇಕು. ಒಂದು ಕೈಕೊಟ್ಟು, ಅದಕ್ಕೆ ಬೇರೆ ದಾರಿ ಹುಡುಕದಿದ್ದರೆ ಉಳಿದೆರಡು ವ್ಯರ್ಥ.

ಬೋರ್ಡಿನ ಮೇಲೆ ಬರೆದದ್ದನ್ನೂ ನಂಬಬೇಡಿ. ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅದರಲ್ಲಿ ಆಲಮಟ್ಟಿ, ನಾರಾಯಣಪುರ ಎಂಬ ಎರಡು ಅಣೆಕಟ್ಟುಗಳಿವೆ, ಕಾಲುವೆಗಳ ಜಾಲವಿದೆ, ಏತ ನೀರಾವರಿಗಳಿವೆ, ಮುಳುಗಡೆಯಾದವರಿಗಾಗಿ ಎಬ್ಬಿಸಿದ ಬಾಗಲಕೋಟೆಯ ನವನಗರವಿದೆ. ಇದು ಅಪ್ಪಟ ಕಾರ್ಯಕ್ರಮ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವುದು ಸಮುದ್ರಮಟ್ಟದಿಂದ 519.60 ಮೀಟರಿನವರೆಗೆ. ಅದನ್ನು 524.256 ಮೀಟರಿಗೆ ಏರಿಸಬೇಕೆಂಬುದು ಮೂರನೆಯ ಹಂತದ ಗುರಿ. ಗೇಟು ಎತ್ತರಿಸುವುದು ಎಂಜಿನಿಯರನಿಗೆ ಬಿಡಿಸಲಾಗದ ಒಗಟೇನಲ್ಲ. ಆದರೆ ಆ ನಾಲ್ಕೂವರೆ ಮೀಟರು ನೀರಿನ ಹಿಂದೆ ಮುಳುಗುವ ಜಮೀನಿನ ಸ್ವಾಧೀನವಿದೆ, ಊರುಗಳ ಪುನರ್ವಸತಿಯಿದೆ, ಕೃಷ್ಣೆಯ ನೀರು ಹಂಚುವ ನ್ಯಾಯಮಂಡಳಿಯ ತೀರ್ಪಿಗೆ ಹೊರಬೀಳಬೇಕಾದ ಅಧಿಸೂಚನೆಯಿದೆ, ನೆರೆರಾಜ್ಯಗಳ ತಕರಾರಿದೆ. ಗೇಟಿನ ಕಾಮಗಾರಿಯನ್ನು ನಾಳೆಯೇ ಮುಗಿಸಿದರೂ ಒಂದು ಹನಿ ಹೆಚ್ಚಿಗೆ ನಿಲ್ಲಿಸುವಂತಿಲ್ಲ. ಬಾಗಲಕೋಟೆ ಕಡೆಯಿಂದ ಬಂದ ಹುಡುಗರಿಗೆ ಪ್ರೋಗ್ರಾಂ ಎಂದರೇನೆಂದು ನಾನು ಹೇಳಿಕೊಡಬೇಕಾಗಿಲ್ಲ. ಅವರ ಮನೆಗಳಲ್ಲಿ ಅದು ಊಟದ ಹೊತ್ತಿನ ಮಾತು.

ಕೈಯಲ್ಲಿರುವುದು ಯಾವುದೆಂದು ತಿಳಿಯುವ ಬಗೆ

ಹೊಸ ಜವಾಬ್ದಾರಿಯ ಕಡತ ಮೇಜಿಗೆ ಬಂದ ದಿನವೇ ಒಂದು ಹಾಳೆ ತೆಗೆದುಕೊಂಡು, "ಇದು ಮುಗಿಯಿತು ಎಂದು ಯಾರು, ಏನು ನೋಡಿ ಹೇಳುತ್ತಾರೆ?" ಎಂದು ಬರೆಯಿರಿ. ಒಬ್ಬ ಅಧಿಕಾರಿ ಟೇಪು ಹಿಡಿದು ಅಳೆದು ಸಹಿ ಹಾಕಬಹುದಾದರೆ ಅದು ಕಾಮಗಾರಿ. ಸಹಿಯಾದ ಮೇಲೂ ಬಳಸುವವರ ಮನೆಗೆ ಹೋಗಿ ಕೇಳಬೇಕಾದರೆ ನಿಮ್ಮ ಕೈಯಲ್ಲಿರುವುದು ಕಾರ್ಯಕ್ರಮ.

ಎರಡನೆಯದು, ಒಂದು ತುಂಡನ್ನು ಮನಸ್ಸಿನಲ್ಲಿಯೇ ಕಿತ್ತುಹಾಕಿ ನೋಡಿ. ಪೈಪು ಹಾಕುವುದನ್ನು ತೆಗೆದರೆ ಕಾಮಗಾರಿಯೇ ಇಲ್ಲ. ಕಾರ್ಯಕ್ರಮದಲ್ಲಿ ಹಾಗಲ್ಲ, ಒಂದು ತುಂಡು ಬಿದ್ದರೂ ಬೇರೆ ದಾರಿ ಹಿಡಿದು ಅದೇ ಫಲ ಮುಟ್ಟಬಹುದು. ಕೊಳವೆಬಾವಿ ಬತ್ತಿದರೆ ಬಹುಗ್ರಾಮ ಯೋಜನೆಯಿಂದ ನದಿ ನೀರು ತರಬಹುದು. ಇದಕ್ಕೆ ನಾನು ಕೊಡುವ ದೊಡ್ಡ ಉದಾಹರಣೆ ನಮ್ಮ ಕ್ಷಿಪಣಿಗಳದು. 1983ರಲ್ಲಿ ಶುರುವಾದ ಸಮಗ್ರ ಮಾರ್ಗದರ್ಶಿ ಕ್ಷಿಪಣಿ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಪೃಥ್ವಿ, ತ್ರಿಶೂಲ್, ಆಕಾಶ್, ನಾಗ್, ಅಗ್ನಿ ಎಂಬ ಐದು ಪ್ರಾಜೆಕ್ಟುಗಳು. ಪ್ರತಿಯೊಂದಕ್ಕೂ ಒಬ್ಬ ಪ್ರಾಜೆಕ್ಟ್ ನಿರ್ದೇಶಕ, ಎಲ್ಲಕ್ಕೂ ಮೇಲೆ ಅಬ್ದುಲ್ ಕಲಾಂ. 1988ರಲ್ಲಿ ಪೃಥ್ವಿ ಹಾರಿತು, 1989ರಲ್ಲಿ ಅಗ್ನಿ. ಆಕಾಶ್ ಮತ್ತು ನಾಗ್ ದಶಕಗಳನ್ನೇ ತಿಂದವು. ತ್ರಿಶೂಲ್ ತಂತ್ರಜ್ಞಾನದ ಪ್ರಾತ್ಯಕ್ಷಿಕೆಯಾಗಿಯೇ ಉಳಿದು ಮುಚ್ಚಿಹೋಯಿತು. ತ್ರಿಶೂಲ್ ಪ್ರಾಜೆಕ್ಟನ್ನು ಮಾತ್ರ ನೋಡಿದರೆ ಸೋಲು. ಆದರೆ ಹೊರಗಿನವರು ಕೊಡದ ತಂತ್ರಜ್ಞಾನವನ್ನು ನಾವೇ ಕೈಗೂಡಿಸಿಕೊಳ್ಳಬೇಕು ಎಂಬ ಕಾರ್ಯಕ್ರಮದ ಗುರಿಯನ್ನು ಇಟ್ಟುಕೊಂಡು ನೋಡಿದರೆ ಲೆಕ್ಕ ಬೇರೆ. ಚಾಂದಿಪುರದ ಪರೀಕ್ಷಾ ನೆಲೆ ಯಾವೊಂದು ಕ್ಷಿಪಣಿಯ ಸ್ವತ್ತೂ ಅಲ್ಲ. ಅಂಥ ಹಂಚಿಕೊಳ್ಳುವ ವಸ್ತುಗಳನ್ನು ನೋಡಿಕೊಳ್ಳುವುದೇ ಮೇಲಿನವರ ಕೆಲಸ.

ಮೂರನೆಯ ಪ್ರಶ್ನೆ ನನ್ನದೇ ಸ್ವಂತದ್ದು: ಸೋತರೆ ನೀವು ಯಾರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು? ಗುತ್ತಿಗೆ ಕೊಟ್ಟವರ ಮುಂದೆಯೋ, ಅಜ್ಜಿಯ ಮುಂದೆಯೋ?

ಕಾಮಗಾರಿ ನಡೆಸುವವರಿಗೆ

ಇಲ್ಲಿ ಹೆಚ್ಚು ಹೇಳುವುದಿಲ್ಲ, ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಏನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಗುತ್ತಿಗೆದಾರರಿಗೂ ಊರಿನವರಿಗೂ ತೋರಿಸಿ. 'ಸೇರಿಲ್ಲ' ಎಂಬ ಪಟ್ಟಿಯೇ ಮುಂದೆ ನಿಮ್ಮನ್ನು ಕಾಯುತ್ತದೆ. ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಕಾಮಗಾರಿ ಒಂದು ದಿನ ತಡವಾಗುತ್ತದೆಯೋ ಆ ಸರಪಳಿಯನ್ನು ಗುರುತಿಸಿ, ದಿನವೂ ಅದನ್ನೇ ಮುಟ್ಟಿ ನೋಡಿ. ನಮ್ಮಲ್ಲಿ ಅದು ಸಾಮಾನ್ಯವಾಗಿ ಮೇಲ್ತೊಟ್ಟಿ: ಕಾಂಕ್ರೀಟು ಹಾಕಿ, ನೀರುಣಿಸಿ, ಅದೇ ಕಾಂಕ್ರೀಟಿನಿಂದ ಮಾಡಿಟ್ಟ ಮಾದರಿ ಘನಗಳ 28ನೆಯ ದಿನದ ಬಲಪರೀಕ್ಷೆಗೆ ಕಾದು, ನೀರು ತುಂಬಿ ಸೋರಿಕೆ ನೋಡುವವರೆಗೆ ಯಾರ ಶಿಫಾರಸೂ ನಡೆಯುವುದಿಲ್ಲ. ಪೈಪಿನ ಕೆಲಸವನ್ನು ಎರಡು ತಂಡ ಹಾಕಿ ಬೇಗ ಮುಗಿಸಬಹುದು. ಸಿಮೆಂಟಿಗೆ ಎರಡು ತಂಡ ಗೊತ್ತಾಗುವುದಿಲ್ಲ.

ಅಳತೆಯನ್ನು ಗುಂಡಿ ಮುಚ್ಚುವ ಮೊದಲೇ ಬರೆದುಕೊಳ್ಳಿ. ಬದಲಾವಣೆಯನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, "ನಮ್ಮ ಓಣಿಗೊಂದು ನಲ್ಲಿ ಹೆಚ್ಚಿಗೆ ಹಾಕಿಕೊಡಿ ಮೇಡಂ" ಎನ್ನುವವರು ಎಷ್ಟೇ ಒಳ್ಳೆಯವರಾಗಿದ್ದರೂ ಕಾಗದ ಕೇಳಿ. ಒಳ್ಳೆಯ ಕಾಮಗಾರಿ ನಿರ್ವಾಹಕನಿಗೆ ಸ್ವಲ್ಪ ಹಟ ಬೇಕು, ಕುದುರೆಗೆ ಕಟ್ಟುವ ಕಣ್ಣುಪಟ್ಟಿಯಂಥ ಏಕಾಗ್ರತೆ ಬೇಕು. ಕಾರ್ಯಕ್ರಮಕ್ಕೆ ಬಂದ ಮೇಲೆ ಆ ಪಟ್ಟಿಯನ್ನೇ ಬಿಚ್ಚಬೇಕು. ನನಗಂತೂ ಎರಡು ವರ್ಷ ಹಿಡಿಯಿತು.

ಕಾರ್ಯಕ್ರಮ ನಡೆಸುವವರಿಗೆ: ಕೊನೆಯಿಂದ ಶುರುಮಾಡಿ

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ನಿನ ಗುರಿಯನ್ನು ಗಮನವಿಟ್ಟು ಓದಿ. ಹಳ್ಳಿಯ ಪ್ರತಿ ಮನೆಗೆ 'ಕಾರ್ಯಾತ್ಮಕ' (ಅಂದರೆ ನಿಜಕ್ಕೂ ನೀರು ಬರುವ) ನಳ ಸಂಪರ್ಕ, ಒಬ್ಬರಿಗೆ ದಿನಕ್ಕೆ 55 ಲೀಟರ್, ನಿಗದಿತ ಗುಣಮಟ್ಟ, ನಿಯಮಿತವಾಗಿ, ದೀರ್ಘಕಾಲ. ನಳ ಸಂಪರ್ಕ ಎಂಬುದು ಕಾಮಗಾರಿಯ ಪದ. ಅದರ ಹಿಂದೆ ಕುಳಿತಿರುವ 'ಕಾರ್ಯಾತ್ಮಕ' ಎಂಬ ಒಣ ವಿಶೇಷಣವೇ ಕಾರ್ಯಕ್ರಮ. 2024ಕ್ಕೆ ಮುಗಿಯಬೇಕಾಗಿದ್ದ ಈ ಮಿಷನ್ನನ್ನು 2028ರವರೆಗೆ ವಿಸ್ತರಿಸಲಾಗಿದೆ. ಕರ್ನಾಟಕದಲ್ಲಿ ಅದು 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ಬಂತು. ಈ ಹೆಸರು ನನಗೆ ಇಷ್ಟ. ಅದರಲ್ಲಿ ನಲ್ಲಿಯ ಮಾತೇ ಇಲ್ಲ.

ಆ ಫಲವನ್ನು ಹಿಡಿದುಕೊಂಡು ಹಿಂದಕ್ಕೆ ನಡೆಯಬೇಕು. ಕರು ಕಟ್ಟಿದ್ದ ಊರಿನ ಲೆಕ್ಕವನ್ನೇ ಮಾಡಿ ತೋರಿಸುತ್ತೇನೆ. 212 ಮನೆ, ಮನೆಗೆ ಐವರೆಂದರೆ 1,060 ಜನ. ತಲೆಗೆ 55 ಲೀಟರಿನಂತೆ ದಿನಕ್ಕೆ 58,300 ಲೀಟರ್. ಗಂಟೆಗೆ 10,000 ಲೀಟರ್ ಎತ್ತುವ ಪಂಪಾದರೆ ದಿನಕ್ಕೆ ಹತ್ತಿರ ಹತ್ತಿರ ಆರು ಗಂಟೆ ಓಡಬೇಕು. ಇಲ್ಲಿಯವರೆಗೆ ಕಾಮಗಾರಿಯ ಲೆಕ್ಕ. ಟ್ಯಾಂಕು ಎಷ್ಟು ದೊಡ್ಡದು, ಪೈಪಿನ ವ್ಯಾಸ ಎಷ್ಟು ಎಂಬುದೆಲ್ಲ ಇದರಿಂದ ಬರುತ್ತದೆ. ಕಾರ್ಯಕ್ರಮದ ಲೆಕ್ಕ ಈ ಸಾಲಿನ ಕೆಳಗೆ ಶುರುವಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಆರು ಗಂಟೆ ತ್ರೀ ಫೇಸ್ ಕರೆಂಟು ಇರುತ್ತದೆಯೇ? ಅದು ರಾತ್ರಿ ಎರಡು ಗಂಟೆಗೆ ಬಂದರೆ ಎದ್ದು ಪಂಪು ಹಾಕುವವರು ಯಾರು? ಅವರಿಗೆ ಸಂಬಳ ಎಲ್ಲಿಂದ? ಮನೆಗೆ ತಿಂಗಳಿಗೆ 60 ರೂಪಾಯಿ ನೀರಿನ ಕರ ಎಂದರೆ, ಎಲ್ಲರೂ ಕೊಟ್ಟರೂ 12,720 ರೂಪಾಯಿ. ಅದರಲ್ಲಿ ಕರೆಂಟಿನ ಬಿಲ್ಲು, ನೀರಗಂಟಿಯ ಸಂಬಳ, ವರ್ಷಕ್ಕೊಮ್ಮೆ ಸುಡುವ ಮೋಟಾರು ಮೂರನ್ನೂ ತೂಗಿಸಬೇಕು. ತೂಗದಿದ್ದರೆ ಉಳಿದದ್ದನ್ನು ಗ್ರಾಮ ಪಂಚಾಯಿತಿ ಯಾವ ಲೆಕ್ಕಶೀರ್ಷಿಕೆಯಿಂದ ಕೊಡುತ್ತದೆ? ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ಗಂಟೆಗೆ 6,000 ಲೀಟರಿಗೆ ಇಳಿದರೆ? ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ, ನಲ್ಲಿಯಲ್ಲಿ ಎಷ್ಟು ನೀರು ಬಂದರೇನು?

ಈ ಪ್ರಶ್ನೆಗಳಲ್ಲಿ ಒಂದಕ್ಕೂ ಗುತ್ತಿಗೆದಾರ ಉತ್ತರ ಕೊಡಬೇಕಾಗಿಲ್ಲ. ಆದರೆ ಒಂದೊಂದು ಪ್ರಶ್ನೆಗೂ ಒಬ್ಬ ಹೆಸರಿನ ಮನುಷ್ಯ ಬೇಕು. ಕಾರ್ಯಕ್ರಮ ನಿರ್ವಹಣೆಯ ಮೊದಲ ದಾಖಲೆ ಅದೇ: ಎಡಗಡೆ ಪ್ರಶ್ನೆ, ಬಲಗಡೆ ಹೆಸರು. 'ಪಂಚಾಯಿತಿ' ಎಂದು ಬರೆದರೆ ಆಗುವುದಿಲ್ಲ. ಪಂಚಾಯಿತಿಯಲ್ಲಿ ಯಾರು ಎಂದು ಬರೆಯಬೇಕು.

ಮಿಷನ್ನಿನ ಮಾರ್ಗಸೂಚಿ ಬರೆದವರು ಇದನ್ನು ಅರಿತೇ ಬರೆದಿದ್ದಾರೆ ಎಂದು ನನ್ನ ಅಭಿಪ್ರಾಯ. ಊರಿಗೊಂದು ನೀರು ಮತ್ತು ನೈರ್ಮಲ್ಯ ಸಮಿತಿ, ಅದರಲ್ಲಿ ಕನಿಷ್ಠ ಅರ್ಧ ಮಹಿಳೆಯರು. ಊರಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ. ಜನರನ್ನು ಸಜ್ಜುಗೊಳಿಸುವ ಪೂರಕ ಚಟುವಟಿಕೆಗೆ ಶೇ. 5ರವರೆಗೆ, ನೀರಿನ ಗುಣಮಟ್ಟದ ನಿಗಾಕ್ಕೆ ಶೇ. 2ರವರೆಗೆ ಹಣ. ಊರಿಗೆಲ್ಲ ಸಂಪರ್ಕ ಕೊಟ್ಟಾಯಿತೆಂದು ವರದಿ ಮಾಡಿದ ಮೇಲೂ ಗ್ರಾಮಸಭೆ ನಿರ್ಣಯ ಮಾಡಿ ಹೌದೆಂದರೆ ಮಾತ್ರ ದೃಢೀಕರಣ. ಕಾಮಗಾರಿಯ ಕಣ್ಣಿಗೆ ಈ ಶೇ. 5 ದಂಡದ ಖರ್ಚು. ಹಣ ಮೊಟಕಾದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಕಾರ್ಯಕ್ರಮದ ಕುರ್ಚಿಯಲ್ಲಿ ಕುಳಿತಾಗ ಬೇರೆ ಎಲ್ಲಿಯಾದರೂ ಉಳಿಸಿ, ಅಲ್ಲಿ ಮಾತ್ರ ಕೈಯಿಡಲು ಬಿಡಬೇಡಿ.

ಗೋಡೆಯ ಮೇಲಿನ ಕಾಗದ

ನನ್ನ ಕೋಣೆಯ ಗೋಡೆಗೆ ಕಂದು ಬಣ್ಣದ ಪ್ಯಾಕಿಂಗ್ ಕಾಗದ ಅಂಟಿಸಿದ್ದೇನೆ. ಅಡ್ಡಕ್ಕೆ ತಿಂಗಳುಗಳು, ಉದ್ದಕ್ಕೆ ಊರುಗಳು. ಕಂಪ್ಯೂಟರಿನಲ್ಲಿಯೂ ಎಲ್ಲ ಇದೆ. ಆದರೆ ಪರದೆಯ ಮುಂದೆ ಒಬ್ಬರು ಕುಳಿತುಕೊಳ್ಳುತ್ತಾರೆ, ಗೋಡೆಯ ಮುಂದೆ ಆರು ಜನ ನಿಲ್ಲುತ್ತಾರೆ. ಒಬ್ಬರ ಕೆಲಸ ಇನ್ನೊಬ್ಬರ ಕೆಲಸಕ್ಕೆ ಕಾಯುವ ಕಡೆಯಲ್ಲೆಲ್ಲ ಎರಡು ಗುಂಡುಪಿನ್ನುಗಳ ನಡುವೆ ಕೆಂಪು ದಾರ ಕಟ್ಟುತ್ತೇವೆ. ಪ್ರತಿ ಕಾಮಗಾರಿಯ ಒಳಗಿನ ವೇಳಾಪಟ್ಟಿ ಈ ಕಾಗದದಲ್ಲಿ ಇರಬಾರದು, ಅದು ಆಯಾ ಎಂಜಿನಿಯರನ ಸ್ವಂತ ವಿಷಯ. ಇಲ್ಲಿರಬೇಕಾದದ್ದು ದಾರಗಳು ಮಾತ್ರ.

ಈ ದಾರದ ಬೆಲೆ ತಿಳಿದದ್ದು ಒಂದು ಓಣಿಯಲ್ಲಿ. ಒಂದು ತಂಡ ಫೆಬ್ರುವರಿ 10ಕ್ಕೆ ಅಲ್ಲಿ ಕಾಂಕ್ರೀಟ್ ರಸ್ತೆ ಮುಗಿಸಿತು. ಅವರ ಪಟ್ಟಿಯ ಪ್ರಕಾರ ಸಕಾಲ. ನಮ್ಮ ತಂಡ ಮಾರ್ಚ್ 3ಕ್ಕೆ ಪೈಪು ಹಾಕಲು ಬಂತು. ನಮ್ಮ ಪಟ್ಟಿಯ ಪ್ರಕಾರವೂ ಸಕಾಲ. ಇಪ್ಪತ್ತೊಂದು ದಿನದ ಹೊಸ ರಸ್ತೆಯನ್ನು ಯಂತ್ರ ಹಿಡಿದು ಕೊರೆದರು. ಊರಿನವರು ಬೈದರು, ಬೈಯಬೇಕಾದದ್ದೇ. ಎರಡೂ ತಂಡದ ಮುಖ್ಯಸ್ಥರು ತಮ್ಮ ತಮ್ಮ ಕಡತ ತೆರೆದು ತಪ್ಪಿಲ್ಲವೆಂದು ತೋರಿಸಿದರು, ಅದೂ ನಿಜವೇ. ಎರಡು ಸರಿಗಳ ನಡುವೆ ಹುಟ್ಟಿದ ತಪ್ಪು ಅದು. ಅದರ ವಾರಸುದಾರಳು ಸಂಯೋಜಕಿಯಾದ ನಾನು. ಅಂದು ಗೋಡೆಯ ಮೇಲೆ ಆ ಓಣಿಗೆ ದಾರವಿರಲಿಲ್ಲ.

ಅಂದಿನಿಂದ ಸೋಮವಾರದ ಸಭೆಯ ರೀತಿಯನ್ನೇ ಬದಲಿಸಿದೆ. ಮೊದಲು ಪ್ರತಿಯೊಬ್ಬರೂ "ನನ್ನದು ಶೇ. 70 ಆಗಿದೆ, ನನ್ನದು ಶೇ. 85 ಆಗಿದೆ" ಎಂದು ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ, ಚಹಾ ಬರುತ್ತಿತ್ತು. ಈಗ ಶೇಕಡಾವಾರನ್ನು ಹಿಂದಿನ ದಿನವೇ ಕಳುಹಿಸಬೇಕು, ಸಭೆಯಲ್ಲಿ ಓದುವಂತಿಲ್ಲ. ಕೇಳುವುದು ಎರಡೇ: ಈ ವಾರ ನೀವು ಯಾರಿಗಾಗಿ ಕಾಯುತ್ತಿದ್ದೀರಿ? ನಿಮಗಾಗಿ ಯಾರು ಕಾಯುತ್ತಿದ್ದಾರೆ? ಎರಡನೆಯ ಪ್ರಶ್ನೆಗೆ ಮೊದಲ ತಿಂಗಳು ಯಾರಿಗೂ ಉತ್ತರ ಗೊತ್ತಿರಲಿಲ್ಲ. ಪರಿವರ್ತಕ ಕೂರಿಸಬೇಕಾದ ವಿದ್ಯುತ್ತಿನವರು, ರಸ್ತೆಯವರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ನಮ್ಮ ಕಿರಿಯ ಎಂಜಿನಿಯರುಗಳು ಒಂದೇ ಕೋಣೆಯಲ್ಲಿ ಇರಬೇಕು. ಬರುವುದಿಲ್ಲ ಎನ್ನುವವರ ಕಚೇರಿಗೆ ನಾನೇ ಹೋಗಿ ಕೂರುತ್ತೇನೆ. ಮಾನ ಮರ್ಯಾದೆಯ ಲೆಕ್ಕ ಹಾಕುವವರು ಈ ಕೆಲಸಕ್ಕೆ ಬರಬಾರದು.

ಅಪಾಯಗಳ ಪಟ್ಟಿಯಲ್ಲಿಯೂ ಇದೇ ಜರಡಿ ಹಿಡಿಯಿರಿ. ಪೈಪು ತಡವಾಗಿ ಬರಬಹುದು ಎಂಬುದು ಎಂಜಿನಿಯರನ ತಲೆನೋವು. ಮಳೆ ಕೈಕೊಟ್ಟರೆ ಹದಿನಾಲ್ಕು ಊರುಗಳ ಕೊಳವೆಬಾವಿ ಒಟ್ಟಿಗೇ ಬತ್ತುತ್ತವೆ ಎಂಬುದು ನಿಮ್ಮದು. ಒಬ್ಬನಿಗೇ ತಾಗುವುದನ್ನು ಅವನಿಗೇ ಬಿಡಿ. ಹಣದಲ್ಲಿಯೂ ಅಷ್ಟೆ: ಪ್ರತಿ ಕಾಮಗಾರಿಯ ಚೀಲಕ್ಕೆ ಸ್ವಲ್ಪ ಸ್ವಲ್ಪ ಮೀಸಲು ಹಾಕಿದರೆ ಎಲ್ಲವೂ ಖರ್ಚಾಗಿಹೋಗುತ್ತದೆ. ಅದರಲ್ಲೊಂದು ಪಾಲು ನಿಮ್ಮ ಬಳಿ ಒಟ್ಟಿಗೆ ಇರಲಿ.

ಬಿಡಬೇಕಾದ ಚಾಳಿ

ಕಾಮಗಾರಿಯಲ್ಲಿ ಹೆಸರು ಮಾಡಿದವರನ್ನೇ ಬಡ್ತಿ ಕೊಟ್ಟು ಕಾರ್ಯಕ್ರಮಕ್ಕೆ ತರುತ್ತಾರೆ. ಅವರು ಬಂದು ಮಾಡುವ ಮೊದಲ ಕೆಲಸ ಕೆಳಗಿನವರ ಕಾಮಗಾರಿಯನ್ನು ತಾವೇ ನಡೆಸುವುದು. ನಾನೂ ಮಾಡಿದೆ. ಬೆಳಗ್ಗೆ ಏಳಕ್ಕೆ ಗುತ್ತಿಗೆದಾರರಿಗೆ ನೇರವಾಗಿ ಫೋನು, ಗುಂಡಿಯ ಆಳ ಎಷ್ಟು, ಮರಳು ಹಾಸಿದಿರಾ ಎಂದು ವಿಚಾರಣೆ. ಮೂರು ತಿಂಗಳಾದ ಮೇಲೆ ನಮ್ಮ ಕಿರಿಯ ಎಂಜಿನಿಯರ್ ಒಬ್ಬ ಬಂದು, "ಮೇಡಂ, ಅವರು ಈಗ ನನ್ನ ಮಾತು ಕೇಳುವುದಿಲ್ಲ, ಮೇಡಮ್ಮನ್ನೇ ಕೇಳುತ್ತೇವೆ ಎನ್ನುತ್ತಾರೆ. ನಾನು ಏನು ಮಾಡಲಿ?" ಎಂದು ಕೇಳಿದ. ಅವನು ಮರ್ಯಾದೆಯಿಂದಲೇ ಕೇಳಿದ, ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅವನ ಕೆಲಸ ಇಬ್ಬರು ಮಾಡುತ್ತಿದ್ದೆವು, ನನ್ನ ಕೆಲಸ ಯಾರೂ ಮಾಡುತ್ತಿರಲಿಲ್ಲ.

ಇದಕ್ಕೆ ಮದ್ದು ಎಂದು ಒಂದು ನಿಯಮ ಹಾಕಿಕೊಂಡೆ. ಗುತ್ತಿಗೆದಾರರ ಫೋನು ಬಂದರೆ "ನಿಮ್ಮ ಎಂಜಿನಿಯರಿಗೆ ಹೇಳಿದಿರಾ?" ಎನ್ನುತ್ತೇನೆ, ಅಷ್ಟೇ. ಕಾಮಗಾರಿಯ ಒಳಗೆ ನಾನು ಕೈ ಹಾಕುವುದು ಮೂರು ಸಂದರ್ಭಗಳಲ್ಲಿ: ಗಡುವು ಜಾರಿ ಬೇರೊಬ್ಬರ ದಾರಕ್ಕೆ ತಾಗಿದಾಗ, ಗುಣಮಟ್ಟ ಫಲವನ್ನೇ ಕೆಡಿಸುವಂತಾದಾಗ, ಮತ್ತು ಆ ಕಾಮಗಾರಿಯೇ ಇನ್ನು ಬೇಡ ಎನಿಸಿದಾಗ.

ಮೂರನೆಯದು ಎಲ್ಲಕ್ಕಿಂತ ಕಷ್ಟ. ಚೆನ್ನಾಗಿಯೇ ನಡೆಯುತ್ತಿರುವ ಕಾಮಗಾರಿಯನ್ನು ನಿಲ್ಲಿಸಲು ಕಾಮಗಾರಿಯವನಿಗೆ ಅಧಿಕಾರವಿಲ್ಲ, ಮನಸ್ಸೂ ಬರುವುದಿಲ್ಲ. ಒಂದು ಊರಿನಲ್ಲಿ ಮೂರನೆಯ ಕೊಳವೆಬಾವಿ ಕೊರೆಯಲು ಎಲ್ಲ ಸಿದ್ಧವಾಗಿತ್ತು. ಮೊದಲಿನ ಎರಡರ ನೀರಿನ ವರದಿ ನೋಡಿದರೆ ಎರಡರಲ್ಲಿಯೂ ಫ್ಲೋರೈಡ್ ಮಿತಿ ಮೀರಿತ್ತು. ಅದೇ ನೆಲದಲ್ಲಿ ಇನ್ನೂ ಆಳಕ್ಕೆ ಹೋದರೆ ಬೇರೆ ನೀರು ಸಿಗುತ್ತದೆಂಬ ಭರವಸೆ ನನಗೆ ಬರಲಿಲ್ಲ. ಯಂತ್ರ ಬರುವ ಹಿಂದಿನ ದಿನ ನಿಲ್ಲಿಸಿ, ಆ ಊರನ್ನು ಬಹುಗ್ರಾಮ ಯೋಜನೆಯ ಕೊಳವೆಸಾಲಿಗೆ ಸೇರಿಸಲು ಬರೆದೆ. ನದಿ ನೀರು ಬರಲು ಎರಡು ಬೇಸಿಗೆ ಹೆಚ್ಚಿಗೆ ಹಿಡಿಯಿತು. ಆ ಎರಡು ಬೇಸಿಗೆ ಊರಿನವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಟ್ಯಾಂಕರು, ಶುದ್ಧ ನೀರಿನ ಘಟಕ ಎಲ್ಲ ಹೊಂದಿಸಬೇಕಾಯಿತು. ಈಗಲೂ ಅದು ಸರಿಯಾದ ತೀರ್ಮಾನವೆಂದೇ ನನ್ನ ಎಣಿಕೆ. ಆದರೆ ಕಾಮಗಾರಿಯ ವರದಿಯಲ್ಲಿ ಅದು 'ಕೈಬಿಡಲಾಗಿದೆ' ಎಂಬ ಕೆಂಪು ಸಾಲಾಗಿಯೇ ಉಳಿದಿದೆ.

ಮುಚ್ಚುವ ದಿನ

ಕಾಮಗಾರಿಯನ್ನು ಮುಚ್ಚುವುದು ಸುಲಭ: ಕೊನೆಯ ಬಿಲ್ಲು, ಹಸ್ತಾಂತರ ಪತ್ರ, ದೋಷ ಹೊಣೆಗಾರಿಕೆಯ ಅವಧಿ ಮುಗಿದ ಮೇಲೆ ಠೇವಣಿ ವಾಪಸು. ಕಾರ್ಯಕ್ರಮವನ್ನು ಮುಚ್ಚುವುದೆಂದರೆ ಫಲವನ್ನು ಯಾರಾದರೂ ಹೊರಬೇಕು. ಅದಕ್ಕಾಗಿ ಕೊನೆಯ ವರ್ಷಕ್ಕೆ ಕಾಯದೆ ಮೊದಲ ವರ್ಷವೇ ಹುಡುಕಾಟ ಶುರುಮಾಡಿ. ನೀರಗಂಟಿಯ ಸಂಬಳ ಪಂಚಾಯಿತಿಯ ಆಯವ್ಯಯದಲ್ಲಿ ಒಂದು ಸಾಲಾಗಿ ಅಚ್ಚಾಗಿದೆಯೇ ನೋಡಿ. ಯಾರೋ ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಅವರ ವರ್ಗಾವಣೆಯೊಂದಿಗೇ ಹೊರಟುಹೋಗುತ್ತದೆ. ವಾಲ್ವಿನ ಕೀಲಿ ಯಾರ ಮನೆಯಲ್ಲಿದೆ, ಅವರು ಊರಿಗೆ ಹೋದರೆ ಯಾರ ಕೈಗೆ ಕೊಡುತ್ತಾರೆ ಎಂಬುದನ್ನೂ ಬರೆದಿಡಿ.

ಅಳೆಯಲು ನನ್ನದೊಂದು ಖಾಸಗಿ ವಿಧಾನವಿದೆ, ಯಾವ ನಮೂನೆಯಲ್ಲಿಯೂ ಇಲ್ಲ. ಮೇ ತಿಂಗಳ ಮಧ್ಯಾಹ್ನ, ಯಾರಿಗೂ ತಿಳಿಸದೆ, ಹಿಂದಿನ ವರ್ಷವೇ ದೃಢೀಕರಣವಾದ ಊರಿಗೆ ಹೋಗಿ ಯಾವುದಾದರೂ ಮನೆಯಲ್ಲಿ ಕುಡಿಯಲು ನೀರು ಕೇಳುತ್ತೇನೆ. ಕೊಡುವವರ ಕೈ ಎಲ್ಲಿಗೆ ಹೋಗುತ್ತದೆಂದು ನೋಡುತ್ತೇನೆ. ಮೂಲೆಯಲ್ಲಿರುವ ಇಪ್ಪತ್ತು ಲೀಟರಿನ ಕ್ಯಾನಿಗೆ ಹೋದರೆ, ನಲ್ಲಿಯ ನೀರು ಪಾತ್ರೆ ತೊಳೆಯಲು ಮಾತ್ರ ಎಂದು ಅರ್ಥ; ರುಚಿಯದೋ ಫ್ಲೋರೈಡಿನದೋ ನಂಬಿಕೆಯದೋ, ಏನೋ ಒಂದು ಬಾಕಿ ಇದೆ. ಕಚೇರಿಗೆ ಬಂದು ಆ ಊರಿನ ಸಾಲಿಗೆ ಮತ್ತೆ ಗುಂಡುಪಿನ್ನು ಚುಚ್ಚುತ್ತೇನೆ.

ಕಳೆದ ಬೇಸಿಗೆಯಲ್ಲಿ ಅಜ್ಜಿಯ ಊರಿಗೂ ಹೋಗಿದ್ದೆ. ನೀರಗಂಟಿ ಬೇರೆಯವನು, ಮೋಟಾರೂ ಬೇರೆಯದು. ವಾರದಲ್ಲಿ ಐದು ದಿನ ನೀರು ಬರುತ್ತದೆ, ಇನ್ನೆರಡು ದಿನದ್ದು ಕರೆಂಟಿನವರ ಜೊತೆ ಮಾತುಕತೆಯಲ್ಲಿದೆ. ಅಜ್ಜಿ ಈಗ ಇಲ್ಲ. ಸೊಸೆ ಲೋಟವನ್ನು ತೊಳೆದು ನಲ್ಲಿಯಿಂದಲೇ ಹಿಡಿದು ಕೊಟ್ಟರು. ಕಂಬದ ಬುಡದಲ್ಲಿ ಹಗ್ಗ ಉಜ್ಜಿ ಸವೆದ ಗುರುತು ಇನ್ನೂ ಇತ್ತು. ದನ ಕಟ್ಟಲು ಪಕ್ಕದಲ್ಲಿ ಬೇರೆ ಗೂಟ ನೆಟ್ಟಿದ್ದರು.